ತೋರಿಸದ ಹತ್ತನೆಯ ರೀಲು

1943ರಲ್ಲಿ ನಾನು ಹಾಸನ ಜಿಲ್ಲೆಯಲ್ಲಿ ಸುತ್ತುತ್ತಿದ್ದ ಒಂದು ಟೂರಿಂಗ್ ಟಾಕೀಸಿನಲ್ಲಿ ವಿವರಣೆಕಾರನಾಗಿದ್ದೆ. ಇಂಗ್ಲಿಷ್ ಚಿತ್ರ ಓಡುವಾಗ ಪರದೆಯ ಪಕ್ಕದಲ್ಲಿ ನಿಂತು, ಏನು ನಡೆಯುತ್ತಿದೆ ಎಂದು ಕನ್ನಡದಲ್ಲಿ ಕೂಗಿ ಹೇಳುವುದು ನನ್ನ ಕೆಲಸ. ಮೈಕ್ ಇರಲಿಲ್ಲ, ಗಂಟಲೇ ಬಂಡವಾಳ. ಇಂಟರ್‌ಮೀಡಿಯೆಟ್ ಫೇಲಾದವನಿಗೆ ಅದಕ್ಕಿಂತ ಒಳ್ಳೆಯ ಕೆಲಸ ಸಿಗುವಂತಿರಲಿಲ್ಲ. ನನ್ನ ಧ್ವನಿಯ ಬಗ್ಗೆ ನನಗೆ ಜಂಬವೂ ಇತ್ತೆನ್ನಿ.

ಆಗ ಯುದ್ಧ ಜೋರಾಗಿ ನಡೆಯುತ್ತಿತ್ತು. ಸೈನ್ಯಕ್ಕೆ ಜನ ಸೇರಿಸಲು ಬಂದಿದ್ದ ಸುಬೇದಾರರೊಬ್ಬರು ನಮ್ಮ ಮಾಲೀಕರಿಗೆ ಒಂದು ಚಿತ್ರ ಕೊಡಿಸಿದರು. ಹಿಂದಿನ ಮಹಾಯುದ್ಧದ ಕಥೆ, ಹನ್ನೊಂದು ರೀಲು, ಪರದೇಶದಲ್ಲಿ ದೊಡ್ಡ ಬಹುಮಾನ ಪಡೆದದ್ದು. ಫಿರಂಗಿ ಗಾಡಿಯ ಜೋಡಿ ಕುದುರೆ ನಡೆಸುವ ರೈತರ ಹುಡುಗ ಅದರ ನಾಯಕ. ಹತ್ತನೆಯ ರೀಲಿನಲ್ಲಿ ಅವನು ಕೆಸರಲ್ಲಿ ಹೂತ ಕುದುರೆಗಳನ್ನು ಬಿಡಿಸುತ್ತಿರುವಾಗ ಗುಂಡು ತಗುಲಿ ಸಾಯುತ್ತಾನೆ. ಹನ್ನೊಂದನೆಯದರಲ್ಲಿ ಗೆದ್ದ ಸೈನ್ಯದ ಮೆರವಣಿಗೆ.

“ಹತ್ತನೇದು ಪೆಟ್ಟಿಗೆಯಲ್ಲೇ ಇರಲಿ. ಒಂಬತ್ತು ಆದ ಮೇಲೆ ಮೆರವಣಿಗೆ ಹಾಕಿ,” ಎಂದರು ಸುಬೇದಾರರು.

ಅದೇನೂ ಕಷ್ಟವಾಗಿರಲಿಲ್ಲ. ನಮ್ಮಲ್ಲಿದ್ದದ್ದು ಒಂದೇ ಪ್ರೊಜೆಕ್ಟರ್. ಒಂದು ರೀಲು ಸಾವಿರ ಅಡಿ, ಸುಮಾರು ಹನ್ನೊಂದು ನಿಮಿಷ. ಅದು ಮುಗಿದಾಗಲೆಲ್ಲ ದೀಪ ಹಾಕಿ ಮುಂದಿನದನ್ನು ಏರಿಸಬೇಕು. ಆ ಬಿಡುವಿನಲ್ಲಿ ಜನರನ್ನು ಮಾತಿನಲ್ಲಿ ಹಿಡಿದಿಡುವವನು ನಾನು. “ಘೋರ ಯುದ್ಧವಾಯಿತು, ನಮ್ಮವರು ಗೆದ್ದರು” ಎಂದರೆ ಸಾಕು, ಹತ್ತನೆಯ ರೀಲು ಮಾಯವಾಗುತ್ತಿತ್ತು.

ಹಾಸನದಲ್ಲಿ ಚಿತ್ರ ನೋಡಿದ ವಕೀಲರೊಬ್ಬರು ಹೊರಗೆ ಬರುತ್ತಾ, “ಇದಕ್ಯಾಕಯ್ಯಾ ಬಹುಮಾನ ಕೊಟ್ರು? ಕುದುರೆ ಓಡುತ್ತೆ, ಬಾವುಟ ಹಾರುತ್ತೆ, ಅಷ್ಟೇ ತಾನೆ?” ಎಂದರು. ಹೌದೆಂದು ನಾನೂ ಮನಸ್ಸಿನಲ್ಲಿ ಅಂದುಕೊಂಡೆ. ಟ್ರಯಲ್ ಶೋನಲ್ಲಿ ಒಮ್ಮೆ ಪೂರ್ತಿ ನೋಡಿದ್ದರೂ, ದಿನಾ ಅದನ್ನೇ ಕೂಗಿ ಕೂಗಿ ನನಗೂ ಬೇಸರ ಹತ್ತಿತ್ತು. ಹೊಳೆನರಸೀಪುರ, ಅರಕಲಗೂಡುಗಳಲ್ಲಿ ಜನ ಮಾತ್ರ ಚಪ್ಪಾಳೆ ತಟ್ಟಿದರು. ಮರುದಿನ ಬೆಳಿಗ್ಗೆ ಭರ್ತಿಗೆ ಹುಡುಗರ ಸಾಲು ನಿಲ್ಲುತ್ತಿತ್ತು. ಚಪ್ಪಾಳೆ ನನ್ನ ಧ್ವನಿಗೆ ಎಂದು ನಾನು ಬೀಗಿದೆ. ಸಾಲಿನ ಕಡೆ ನೋಡುವ ಗೋಜಿಗೆ ಹೋಗಲಿಲ್ಲ.

ಚನ್ನರಾಯಪಟ್ಟಣದಲ್ಲಿ ಮೊದಲ ಆಟ ಮುಗಿದ ಮರುದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಒಬ್ಬ ಹೆಂಗಸು ಡೇರೆಯ ಹತ್ತಿರ ಬಂದಳು. ಹೆಸರು ಲಕ್ಕಮ್ಮ, ಹತ್ತಿರದ ಹಳ್ಳಿಯವಳು. ಜೊತೆಗಿದ್ದ ಮಗ ಬೋರೇಗೌಡನಿಗೆ ಇಪ್ಪತ್ತರ ಮೇಲೆ ಒಂದೆರಡು ವರ್ಷ. ಅವನು ಅವತ್ತು ಸೈನ್ಯಕ್ಕೆ ಹೆಸರು ಕೊಡುವವನಿದ್ದ. ಹತ್ತು ಹೆಜ್ಜೆ ಆಚೆ ಸುಬೇದಾರರು ಕಾಫಿ ಕುಡಿಯುತ್ತಿದ್ದರು.

“ಸಾ, ಕೊನೇಗೆ ಮೆರವಣಿಗೇಲಿ ಬಂದ್ವಲ್ಲ, ಆ ಜೋಡಿ ಕುದ್ರೆ ಅವೇ ಕಣಪ್ಪ. ಎಡದುದ್ಕೆ ಅಣೆ ಮ್ಯಾಗೆ ಬಿಳೀ ಚುಕ್ಕಿ ಐತೆ. ಆದ್ರೆ ಲಗಾಮು ಇಡ್ದಿದ್ದೋನು ಬ್ಯಾರೆ. ಆ ಉಡ್ಗ ಏನಾದ?” ಎಂದು ಲಕ್ಕಮ್ಮ ಕೇಳಿದಳು.

ಮೂರು ಊರುಗಳಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ದಿನಾ ನೋಡುತ್ತಿದ್ದ ನನಗೇ ಹೊಳೆದಿರಲಿಲ್ಲ. ನಾವೆಲ್ಲ ಬಾವುಟ ನೋಡುತ್ತಿದ್ದಾಗ ದನ ಸಾಕಿದ ಅವಳು ಕುದುರೆಯ ಹಣೆ ನೋಡಿದ್ದಳು. ಸುಬೇದಾರರು ತಲೆಯೆತ್ತಿದರು.

“ರಜ ಸಿಕ್ಕಿ ಊರಿಗೆ ಹೋದ ಕಣಮ್ಮ, ತಾಯಿನ ನೋಡೋಕೆ,” ಎಂದುಬಿಟ್ಟೆ.

ಅವಳ ಮುಖ ಅರಳಿತು. “ಅಂಗಾದ್ರೆ ಸರಿ. ರಾತ್ರಿಯೆಲ್ಲ ಕಣ್ಣು ಮುಚ್ನಿಲ್ಲ ನಾನು. ನಡೀಲಾ ಮಗ.”

ಅವರಿಬ್ಬರೂ ಹೋದ ಮೇಲೆ ತಟ್ಟೆಯ ಮುಂದೆ ಕೂತು ಯೋಚಿಸಿದೆ. ನಿಜ ಹೇಳಿದರೆ ಕೆಲಸ ಹೋಗುವುದು ಖಂಡಿತ, ಯುದ್ಧಕಾಲದ ಕಾನೂನಿನಲ್ಲಿ ಪೊಲೀಸರ ಕೈಗೂ ಸಿಗಬಹುದು. ಹೇಳದಿದ್ದರೆ ಬೋರೇಗೌಡನನ್ನು ಯುದ್ಧಕ್ಕೆ ನಾನೇ ಕಳಿಸಿದ ಹಾಗೆ. ಕೊನೆಗೆ ಎದ್ದು, ಭರ್ತಿ ನಡೆಯುತ್ತಿದ್ದ ತಾಲ್ಲೂಕು ಕಚೇರಿಯ ಕಡೆ ಓಡಿದೆ. ಸಾಲು ಎಷ್ಟು ಮುಂದೆ ಹೋಗಿದೆಯೋ ಎಂಬುದೊಂದೇ ದಾರಿಯುದ್ದಕ್ಕೂ ಯೋಚನೆ.

ಬೋರೇಗೌಡನ ಮುಂದೆ ಇನ್ನೂ ನಾಲ್ಕು ಜನ ಇದ್ದರು. ಲಕ್ಕಮ್ಮ ಪಕ್ಕದ ಮರದ ಕೆಳಗೆ ಕೂತಿದ್ದಳು. ಊರೆಲ್ಲ ಕೇಳುವಂತೆ ಕೂಗುತ್ತಿದ್ದವನು ಅವಳೊಬ್ಬಳಿಗೇ ಕೇಳುವಂತೆ ಬಗ್ಗಿದೆ. “ಅಮ್ಮಾ, ಆ ಹುಡುಗ ಸತ್ತ. ಆ ರೀಲು ನಾವು ಹಾಕಲಿಲ್ಲ,” ಎಂದೆ.

ಅವಳು ಎದ್ದು ಹೋಗಿ ಮಗನ ರಟ್ಟೆ ಹಿಡಿದು ಹೇಳಿದಳು. ಅವನು ಬೆಚ್ಚಲಿಲ್ಲ.

“ಗೊತ್ತು ಕಣವ್ವ. ಗಾಡಿ ಕಟ್ಟೋನಲ್ವಾ ನಾನು? ಜೀವ ಇರೋನು ತನ್ ಜೋಡೀನ ಬ್ಯಾರೇರ್ ಕೈಗೆ ಕೊಡಾಕಿಲ್ಲ. ನೀನು ಎದ್ರುತೀಯ ಅಂತ ಸುಮ್ಕಿದ್ದೆ.”

ಲಕ್ಕಮ್ಮ ಅವನನ್ನೂ ನನ್ನನ್ನೂ ನೋಡಿದಳು. “ಓಗೋದಾದ್ರೆ ಓಗ್ಲಾ. ಬ್ಯಾಡ ಅಂದ್ರೆ ನಿಲ್ಲೋನಲ್ಲ ನೀನು. ಆದ್ರೆ ಇಂಗೆ ಮುಚ್ಚಿಟ್ಟು ನನ್ನ ಕುರುಡಿ ಮಾಡಿ ಓಗ್ಬ್ಯಾಡ,” ಎಂದಳು.

ಅವನ ಹೆಸರು ಕೂಗಿದರು. ಅವನು ಒಳಗೆ ಹೋದ.

ಅವತ್ತು ಮಾಲೀಕರು ಹಾಸನಕ್ಕೆ ಹೋಗಿದ್ದರು. ಸಂಜೆಯ ಆಟಕ್ಕೆ ಹತ್ತನೆಯ ರೀಲನ್ನೂ ಹಾಕು ಎಂದು ಆಪರೇಟರನಿಗೆ ಹೇಳಿದೆ. ಅವನು ಹೆದರಿದ. “ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು,” ಎಂದೆ. ಆ ರೀಲು ಓಡಿದಷ್ಟು ಹೊತ್ತೂ ನನ್ನ ಬಾಯಿಂದ ಒಂದು ಮಾತು ಬರಲಿಲ್ಲ. ಹೇಳಬೇಕಾದದ್ದೂ ಏನಿರಲಿಲ್ಲ, ಚಾಪೆಯ ಮೇಲಿದ್ದವರಿಗೆಲ್ಲ ಅರ್ಥವಾಗುತ್ತಿತ್ತು. ಆಮೇಲೆ ಬಂದ ಮೆರವಣಿಗೆಗೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅದೇ ಬಾವುಟ, ಅದೇ ಕುದುರೆ, ನೋಡಲು ಆಗುತ್ತಿರಲಿಲ್ಲ. ಆ ಚಿತ್ರಕ್ಕೆ ಬಹುಮಾನ ಏಕೆ ಬಂತೆಂದು ನನಗೆ ತಿಳಿದದ್ದು ಆಗ. ಮೂರನೆಯ ದಿನ ಕೆಲಸ ಹೋಯಿತು, ಪುಣ್ಯಕ್ಕೆ ಪೊಲೀಸರು ಬರಲಿಲ್ಲ.

ಮುಂದೆ ನಾನು ಮೇಷ್ಟರಾದೆ. ಆ ಚಿತ್ರವನ್ನು ಸುಮ್ಮನೆ ಹೊಗಳಿ ಅಟ್ಟಕ್ಕೇರಿಸಿದ್ದಾರೆ ಎನ್ನುವವರು ಈಗಲೂ ಸಿಗುತ್ತಾರೆ. ಪೂರ್ತಿ ನೋಡಿದಿರಾ ಎಂದಷ್ಟೇ ಕೇಳುತ್ತೇನೆ. ಬೇರೆಯವರ ಕಥೆಯನ್ನು ಜನರಿಗೆ ಹೇಳುವವನು ಅದರಲ್ಲಿ ಯಾವುದನ್ನಾದರೂ ಬಚ್ಚಿಡುವ ಮೊದಲು ಎದುರಿಗೆ ಕೂತವರು ಯಾರೆಂದು ನೋಡಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟು.

ಯುದ್ಧ ಮುಗಿದ ಮೇಲೆ ಲಕ್ಕಮ್ಮನ ಹಳ್ಳಿಯ ಮುಂದೆ ಬಸ್ಸಿನಲ್ಲಿ ಎಷ್ಟೋ ಸಲ ಹಾದುಹೋಗಿದ್ದೇನೆ. ಇಳಿದು, ಬೋರೇಗೌಡ ವಾಪಸು ಬಂದನೇ ಎಂದು ಕೇಳುವ ಧೈರ್ಯ ಮಾತ್ರ ಒಮ್ಮೆಯೂ ಬರಲಿಲ್ಲ.