ಬೆಚ್ಚಗಿದೆ ಎಂದ ಕೈ

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಕುಮಟೆಯ ಮಾರುಕಟ್ಟೆಯಲ್ಲಿ ನನ್ನ ಪಕ್ಕ ಕೂತು ಮೀನು ಮಾರುವ ಹೆಂಗಸರು ಕಣ್ಣು ಅದುರಿತು, ಕೆಟ್ಟ ಕನಸು ಬಿತ್ತು ಎಂದು ಶುರುಮಾಡಿದರೆ, "ಬಂಗಡೆ ಜಾಸ್ತಿ ತಿಂದ್ರೆ ಹಂಗೇ ಆಗ್ತದೆ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಪಿಯುಸಿ ಓದಿದವಳೆಂಬ ಜಂಬ ಬೇರೆ. ನೀವು ನಂಬಲೇಬೇಕೆಂದು ನಾನು ಹೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಐದಾರು ವರ್ಷಗಳ ಹಿಂದಿನ ಮಾತು. ಬೋಟಿನಲ್ಲಿ ಕೆಲಸಕ್ಕಿದ್ದ ನನ್ನ ಅಣ್ಣ ಹೊನ್ನಾವರದ ಬಂದರಿನಲ್ಲಿ ಮೀನು ಇಳಿಸುವಾಗ ಜಾರಿ ಬಿದ್ದು ಎಡತೊಡೆಯ ಎಲುಬು ಮುರಿದುಕೊಂಡ. ಕುಮಟೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ರಾಡ್ ಹಾಕಿದರು. ಮಂಕಿ ಊರಿನ ಮನೆಯಲ್ಲಿದ್ದ ಅಮ್ಮನಿಗೆ ನಾವು ಸುದ್ದಿಯನ್ನೇ ಮುಟ್ಟಿಸಿರಲಿಲ್ಲ. ಆಸ್ಪತ್ರೆಗೆ ಹೋದ ಅಪ್ಪ ವಾಪಸು ಬರಲಿಲ್ಲವೆಂದು ಆಸ್ಪತ್ರೆಯ ಹೆಸರೆತ್ತಿದರೇ ಅವಳಿಗೆ ಬಿಪಿ ಏರುತ್ತಿತ್ತು. ಮಗ ಬೋಟಿನ ಸಂಗಡ ಮಲ್ಪೆಗೆ ಹೋಗಿದ್ದಾನೆ, ಸೊಸೆ ತವರಿಗೆ ಹೋಗಿದ್ದಾಳೆ ಎಂದು ಸುಳ್ಳು ಹೇಳಿದವಳು ನಾನೇ.

ಆಪರೇಷನ್ ಆದ ದಿನ ಮಧ್ಯಾಹ್ನ ಉಳಿದ ಮೀನನ್ನು ಬಾಕ್ಸಿಗೆ ತುಂಬಿ, ಐಸು ಮುಚ್ಚಿ, ಕೈ ತೊಳೆದು ಆಸ್ಪತ್ರೆಗೆ ಹೋದೆ. ಅದು ಮಾರುಕಟ್ಟೆಯ ಹಿಂದೆಯೇ ಇತ್ತು. ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದ ಅಣ್ಣನಿಗೆ ಸೊಂಟದ ಕೆಳಗೆ ಇನ್ನೂ ಜೋಮು, ನೋವಿಲ್ಲದೆ ಮಲಗಿದ್ದ. ಅತ್ತಿಗೆ ಸ್ನಾನ, ಊಟಕ್ಕೆಂದು ಹಿರೇಗುತ್ತಿಯ ತವರಿಗೆ ಹೊರಟಳು.

"ಪಾದ ಮುಟ್ಟಿ ನೋಡ್ತಾ ಇರೇ. ರಕ್ತ ಇಳೀದೇ ಇದ್ರೆ ತಣ್ಣಗಾಗ್ತದಂತೆ. ಕೂಡ್ಲೇ ಸಿಸ್ಟರ್‌ನ ಕರೀಬೇಕು ಅಂದಾರೆ" ಎಂದು ಎರಡೆರಡು ಸಲ ಹೇಳಿದಳು.

ಅವಳು ಹೋಗಿ ಐದು ನಿಮಿಷವೂ ಆಗಿರಲಿಲ್ಲ, ಅಮ್ಮನ ಫೋನ್ ಬಂತು.

"ತಂಗೀ, ಅಣ್ಣನ ಎಡಗಾಲು ತಣ್ಣಗಾತು. ಮುಟ್ಟಿ ನೋಡೇ."

"ಅಂವ ಮಲ್ಪೆಲಿ ಇದ್ದಾನೆ. ನಿಂಗೆಂತ ಮಳ್ಳಾ? ಊಟ ಮಾಡಿ ಮಲಗು" ಎಂದು ಗದರಿ ಫೋನ್ ಇಟ್ಟೆ. ಯಾರೋ ಊರಿನವರು ಚಾಡಿ ಹೇಳಿರಬೇಕೆಂದು ಮೈಯೆಲ್ಲ ಉರಿಯಿತು. ಆದರೂ ಹೊದಿಕೆ ಸ್ವಲ್ಪ ಸರಿಸಿ ಪಾದ ಮುಟ್ಟಿದೆ. ಬೆಚ್ಚಗಿತ್ತು. ಸಿಸ್ಟರ್ ಬಾಗಿಲಲ್ಲಿ ಇಣುಕಿ ಕೇಳಿದಾಗಲೂ "ಬೆಚ್ಚಗಿದೆ" ಎಂದೆ. ಅಮ್ಮನ ಮೇಲಿನ ಸಿಟ್ಟಿಗೆ ಮತ್ತೊಮ್ಮೆ ಮುಟ್ಟಲೂ ಇಲ್ಲ.

ಸಂಜೆ ಅತ್ತಿಗೆ ಬಂದವಳೇ ಹೊದಿಕೆ ಎತ್ತಿ ಮುಟ್ಟಿ ಚೀರಿದಳು. ಪಾದ ಬಿಳಚಿ ನೀಲಿಗಟ್ಟಿತ್ತು. ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಓಡಿದೆವು. ರಕ್ತನಾಳ ಕಟ್ಟಿಕೊಂಡು ಬಹಳ ಹೊತ್ತಾಗಿದೆ ಎಂದರು ಅಲ್ಲಿಯ ಡಾಕ್ಟರು. ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ನನ್ನ ತಪ್ಪು ನನಗೆ ತಿಳಿದದ್ದು ಅಲ್ಲಿಯ ಬೆಂಚಿನ ಮೇಲೆ ಚಹಾ ಕೈಗೆ ಬಂದಾಗ. ಬಿಸಿ ನೋಡಲು ಅಭ್ಯಾಸಬಲದಿಂದ ಲೋಟವನ್ನು ಕೆನ್ನೆಗೆ ಹಿಡಿದೆ. ಬೆಳಗಿನಿಂದ ಐಸಿನಲ್ಲಿ ಮರಗಟ್ಟಿದ ಕೈಗೆ ಬಿಸಿ-ತಂಪಿನ ಸರಿಯಾದ ಲೆಕ್ಕ ಸಿಗುವುದಿಲ್ಲವೆಂದು ಮೀನು ಮಾರುವವರಿಗೆಲ್ಲ ಗೊತ್ತು. ಮಧ್ಯಾಹ್ನ ನಾನು ಪಾದ ಮುಟ್ಟಿದ್ದು ಅಂಥ ಕೈಯಿಂದ; ಅದಕ್ಕೆ ಯಾವ ಪಾದವಾದರೂ ಬೆಚ್ಚಗೇ. ಇನ್ನೊಂದು ಪಾದವನ್ನು ಮುಟ್ಟಿ ಹೋಲಿಸಿದ್ದರೂ ಸಾಕಿತ್ತು. ನಾಚಿಕೆಯಿಂದ ಇದನ್ನು ಯಾರಿಗೂ ಹೇಳಲಿಲ್ಲ, ಅಣ್ಣನಿಗೂ.

ಆ ಫೋನಿಗೆ ಮುಂಚೆ ಅಮ್ಮನಿಗೆ ಯಾರೂ ಸುದ್ದಿ ಹೇಳಿರಲಿಲ್ಲ, ವಿಚಾರಿಸಿದ್ದೇನೆ. ಹೇಳಿದ್ದರೂ ಆ ಹೊತ್ತಿಗೆ ಕಾಲಿನ ವಿಷಯ ಡಾಕ್ಟರಿಗೇ ಗೊತ್ತಿರಲಿಲ್ಲವಲ್ಲ. ಅಣ್ಣ ಮನೆಗೆ ಬಂದು ಅವಳಿಗೂ ಕಾಲಿನ ಸುದ್ದಿ ಗೊತ್ತಾದ ಮೇಲೆ, ನಿನಗೆ ಹೇಗೆ ತಿಳಿಯಿತೆಂದು ಅವಳನ್ನೇ ಕೇಳಿದೆ.

"ಸೌತೆಕಾಯಿ ಹೆಚ್ತಾ ಇದ್ದೆ. ಅಂವನ ಪಾದ ನನ್ನ ಕೈಲೇ ಇದ್ದಂಗೆ ಆತು. ತಣ್ಣಗೆ, ಕಲ್ಲಿನಂಗೆ" ಎಂದಳು. "ನೀ ಆವಾಗ ಮುಟ್ಟಿ ನೋಡಿದ್ಯಾ?" ಎಂದು ಕೇಳಿದಳು.

"ನೋಡಿದೆ. ಬೆಚ್ಚಗಿತ್ತು."

"ಹಂಗಾರೆ ನಂಗೇ ಭ್ರಮೆ" ಎಂದು ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಭ್ರಮೆಯಲ್ಲ ಅಮ್ಮಾ ಎನ್ನಲು ನನಗೆ ಬಾಯಿ ಬರಲಿಲ್ಲ. ಇಂದಿಗೂ ಬಂದಿಲ್ಲ.