ತೊಡೆಯ ಮೇಲಿನ ವೀಳ್ಯದೆಲೆ

2022ರ ಆಗಸ್ಟ್. ನಾನು ಎಚ್.ಡಿ. ಕೋಟೆಯ ಸಣ್ಣ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಒಂದು ಮಧ್ಯಾಹ್ನ ಅಂತರಸಂತೆ ಕಡೆಯ ರೈತ ಕುಟುಂಬವೊಂದು ಮೂರು ವರ್ಷದ ಹುಡುಗಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂತು. ಮಂಗಳೂರಿನ ಚಿಕ್ಕಪ್ಪನ ಮನೆಯಿಂದ ಬಂದಮೇಲೆ ಮಗುವಿಗೆ ಚಳಿಜ್ವರ. ಎರಡು ಸಲ ಫಿಟ್ಸ್ ಬಂದು ಎಚ್ಚರ ತಪ್ಪಿತ್ತು. ರಕ್ತಪರೀಕ್ಷೆಯಲ್ಲಿ ಮಲೇರಿಯಾ, ಅದೂ ಮೆದುಳಿಗೇರುವ ಫಾಲ್ಸಿಪಾರಂ.

ಇದಕ್ಕೆ ಮೊದಲ ಆಯ್ಕೆ ಆರ್ಟಿಸುನೇಟ್ ಇಂಜೆಕ್ಷನ್. ನಮ್ಮ ಕಡೆ ಈ ಕಾಯಿಲೆ ಅಪರೂಪವಾದ್ದರಿಂದ ಅದನ್ನು ತರಿಸಿಟ್ಟಿರಲಿಲ್ಲ, ಕ್ವಿನೈನ್ ಇತ್ತು. ಅದನ್ನೇ ಶುರುಮಾಡಿ ಮೈಸೂರಿಗೆ ಕಳಿಸುವುದೆಂದು ಡಾಕ್ಟರು ತೀರ್ಮಾನಿಸಿದರು. ಕ್ವಿನೈನಿನ ಮೊದಲ ಡೋಸ್ ದುಪ್ಪಟ್ಟು: ಕಿಲೋಗೆ ಇಪ್ಪತ್ತು ಮಿಲಿಗ್ರಾಂ. ಮಗು ಹನ್ನೆರಡು ಕಿಲೋ ಇತ್ತು. ಅಂದರೆ 240 ಮಿಲಿಗ್ರಾಂ, ಗ್ಲೂಕೋಸ್ ಡ್ರಿಪ್ಪಿನಲ್ಲಿ, ನಾಲ್ಕು ಗಂಟೆ ನಿಧಾನವಾಗಿ. ಹಿಂದಿನ 24 ಗಂಟೆಯೊಳಗೆ ಕ್ವಿನೈನ್ ಬಿದ್ದಿದ್ದರೆ ಈ ದುಪ್ಪಟ್ಟು ಡೋಸ್ ಕೊಡುವಂತಿಲ್ಲ. ಹೃದಯದ ಬಡಿತ ತಪ್ಪಬಹುದು, ರಕ್ತದ ಸಕ್ಕರೆ ಕುಸಿಯಬಹುದು.

"ಬೇರೆ ಎಲ್ಲಾದ್ರೂ ತೋರಿಸಿದ್ರಾ?" ಡಾಕ್ಟರು ಕೇಳಿದರು.

"ಇಲ್ಲ ಸಾ, ಸೀದಾ ಇಲ್ಗೇ ಬಂದೋ," ಎಂದರು ಮಗುವಿನ ಅಜ್ಜಿ.

ಡ್ರಿಪ್ ಸಿದ್ಧಮಾಡಿಕೊಂಡು ನರ ಹುಡುಕಿದೆ. ಕೈಯಲ್ಲಿ ಸಿಗಲಿಲ್ಲ. ಕಾಲಲ್ಲಿ ನೋಡೋಣವೆಂದು ಕಂಬಳಿ ಸರಿಸಿದರೆ ಅಜ್ಜಿ ಮತ್ತೆ ಹೊದಿಸಿದರು. ನಾನು ಪೂರ್ತಿ ತೆಗೆದೆ. ತೊಡೆಯ ಮೇಲೆ ಹರಳೆಣ್ಣೆ ಸವರಿ ಬಿಸಿಮಾಡಿದ ವೀಳ್ಯದೆಲೆ ಅಂಟಿಕೊಂಡಿತ್ತು. ಇಂಜೆಕ್ಷನ್ ಮಾಡಿಸಿದ ಜಾಗ ಊದಿಕೊಂಡರೆ ನನ್ನ ಅವ್ವನೂ ಹೀಗೇ ಮಾಡುತ್ತಿದ್ದಳು.

"ಅಜ್ಜಿ, ಸೂಜಿ ಹಾಕಿದ್ಯಾರು?"

"ನಮ್ಮೂರಾಗೆ ಸೂಜಿ ಆಕೋನು ಕಣವ್ವ, ಒತ್ತಾರೆ. ಅವನ ಎಸ್ರು ಏಳ್ಬುಟ್ರೆ ನಾಳಿಕೆ ನಮ್ಮ ಅಟ್ಟಿ ಕಡೆ ತಿರುಗೂ ನೋಡಕಿಲ್ಲ. ಸರೊತ್ನಲ್ಲಿ ಜ್ವರ ಬಂದ್ರೆ ನೀವು ಬತ್ತೀರಾ?"

ಮಗುವಿನ ಅಪ್ಪ ಆತನಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟ. ಆತ ತಡವರಿಸುತ್ತ ಹೇಳಿದ: "ಕ್ವಿನೈನ್ ಕಣಕ್ಕ. ಅರ್ಧ ಆಂಪೂಲ್."

ಅರ್ಧ ಎಂದರೆ 300 ಮಿಲಿಗ್ರಾಂ. ಆ ಮಗುವಿಗೆ ಅದೇ ಹೆಚ್ಚು. ಅದರ ಮೇಲೆ ನನ್ನ 240.

"ಆ ಬಾಟ್ಲಿ ತೆಗೀರಿ," ಎಂದರು ಡಾಕ್ಟರು. ರಕ್ತದ ಸಕ್ಕರೆ ನೋಡಿದೆವು: 38, ತೀರಾ ಕಡಿಮೆ. ಕಾಲಿನ ನರಕ್ಕೆ ಡೆಕ್ಸ್‌ಟ್ರೋಸ್ ಸಕ್ಕರೆ ದ್ರಾವಣ ಮಾತ್ರ ಕೊಟ್ಟು ಆಂಬುಲೆನ್ಸ್ ಹತ್ತಿಸಿದೆವು. ಸಂಜೆ ಮೈಸೂರಿನಲ್ಲಿ ಆರ್ಟಿಸುನೇಟ್ ಶುರುವಾಯಿತು. ಮಗು ಉಳಿಯಿತು.

'ಬೇರೆ ಕಡೆ ತೋರಿಸಿದಿರಾ' ಎಂದು ನಾನೀಗ ಕೇಳುವುದಿಲ್ಲ; ಅದು ತಪ್ಪು ಹುಡುಕುವವರ ಪ್ರಶ್ನೆಯಂತೆ ಕೇಳಿಸುತ್ತದೆ. ಮೊದಲು ಕಂಬಳಿ ತೆಗೆಯುತ್ತೇನೆ. ಆಮೇಲೆ, "ಸೂಜಿ ಹಾಕಿಸಿದ ಜಾಗ ಇನ್ನೂ ನೋಯ್ತಿದ್ಯಾ?" ಎನ್ನುತ್ತೇನೆ. ಹೆಚ್ಚಿನವರು ಹೇಳಿಬಿಡುತ್ತಾರೆ.

ಆದರೂ ಪುಟ್ಟ ಕೈಯೊಂದರಲ್ಲಿ ಮೊದಲ ಸಲಕ್ಕೇ ನರ ಸಿಕ್ಕಿಬಿಟ್ಟರೆ, ಸೂಜಿ ಹಿಡಿದ ನನ್ನ ಕೈ ಇವತ್ತಿಗೂ ಒಂದು ಕ್ಷಣ ನಿಲ್ಲುತ್ತದೆ. ಅವತ್ತು ಹಾಗೆ ಸಿಕ್ಕಿದ್ದರೆ ನಾನು ಕಂಬಳಿ ತೆಗೆಯುತ್ತಿರಲಿಲ್ಲ.