ಬಸವ ಬರುತ್ತಾನಂತೆ

ಹೊಸ ರೆಕ್ಸಿನ್ನಿನ ವಾಸನೆ ನಿಮಗೆ ಗೊತ್ತಿದೆಯಲ್ಲ? ಮಲ್ಲಿಗೆ ಸಂಪಿಗೆಗಳ ಸಾಲಿಗೆ ಸೇರುವಂಥದ್ದೇನೂ ಅಲ್ಲ. ಕೆಲವರಿಗೆ ತಲೆನೋವು ಬರುತ್ತದೆ, ನನಗೆ ಹಸಿವಾಗುತ್ತದೆ. ಮೈಸೂರಿನ ಸರಸ್ವತಿಪುರಂನಲ್ಲಿ ನಾನು ದಿನಾ ತಿಂಡಿಗೆ ಹೋಗುವ ಹೋಟೆಲಿನವರು ಮೊನ್ನೆ ಮರದ ಬೆಂಚುಗಳಿಗೆಲ್ಲ ಕೆಂಪು ರೆಕ್ಸಿನ್ನಿನ ಮೆತ್ತೆ ಹಾಕಿಸಿದ್ದರು. ಸೆಟ್ ದೋಸೆಗೆ ಹೇಳಿ ಕೂತೆನೋ ಇಲ್ಲವೋ, ಆ ವಾಸನೆ ಬಂದು ಮೂಗಿಗೆ ಬಡಿಯಿತು. ಅದೇ ಹೊತ್ತಿಗೆ ಪಕ್ಕದ ಮೇಜಿನ ಕಾಲೇಜು ಹುಡುಗನೊಬ್ಬ ತನ್ನ ಫೋನನ್ನು ಗೆಳೆಯನ ಮುಖಕ್ಕೆ ಹಿಡಿದು, "ನೋಡೋ ಮಗಾ, ಈ ಗಾಡಿ ಅಮೆರಿಕಕ್ಕೆ ವಾಪಸ್ ಬತ್ತದಂತೆ" ಎಂದ.

ನಾನು ಕತ್ತು ಉದ್ದ ಮಾಡಿ ನೋಡಿದೆ. ಸಭ್ಯತೆಯಲ್ಲ, ಒಪ್ಪುತ್ತೇನೆ. ಆದರೆ ಫೋನಿನ ಗಾಜಿನಲ್ಲಿ ನಿಂತಿದ್ದವನು ನನ್ನ ಹಳೆಯ ಪರಿಚಯದವನು. ಚೌಕನೆಯ ಬೆನ್ನು, ಗುಂಡು ಕಣ್ಣು, ಅಗಲ ಹಣೆ, ಹಿಂದೆ ನೇತುಹಾಕಿಕೊಂಡ ಸ್ಟೆಪ್ನಿ ಚಕ್ರ. "ಬರ್ತಾನೆ ಕಣಪ್ಪ, ಬಂದೇ ಬರ್ತಾನೆ" ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹುಡುಗರು ಕೈ ತೊಳೆಯಲು ಎದ್ದರು. ನಾನು ಚಟ್ನಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.

ನನಗೆ ಕಾರಿಲ್ಲ, ಓಡಿಸಲೂ ಬರುವುದಿಲ್ಲ. ಅಮೆರಿಕದಲ್ಲಿ ನನಗೆ ಗುರುತಿನವರೂ ಇಲ್ಲ. ಆದರೂ ಆ ದೇಶದ ಮಾರುಕಟ್ಟೆಗೆ ಒಂದು ಕಾಡುಮೇಡಿನ ಗಾಡಿ ಮರಳಿ ಬರುತ್ತದೋ ಇಲ್ಲವೋ ಎಂದು ನಾನು ಚರ್ಚಿಸಿದಷ್ಟು ಅದನ್ನು ತಯಾರಿಸಿದವರೂ ಚರ್ಚಿಸಿರಲಾರರು. ಅದು ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಮೇಟಗಳ್ಳಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಸರಸ್ವತಿಪುರಂನಲ್ಲಿ ಬಾಡಿಗೆ ಮನೆ. ಹೊಸದಾಗಿ ಮದುವೆಯಾಗಿತ್ತು, ಮನೆಯಲ್ಲಿ ಹೆಂಡತಿ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸರೋಜಳ ತವರು ಹಿನಕಲ್. ಆಗ ಅದಿನ್ನೂ ಹಳ್ಳಿ, ಹುಲ್ಲಿನ ಮೆದೆಗಳಿದ್ದವು. ಗೌರಿ ಹಬ್ಬಕ್ಕೆ ಅಣ್ಣ ಬಂದು ಕರೆಯುವ ಮೊದಲೇ ಅವಳು ಒಂದು ಚೀಲ ಹಿಡಿದು ಸಿಟಿ ಬಸ್ಸು ಹತ್ತಿ ಹೋಗಿಬಿಟ್ಟಳು. ಜಗಳವೇನೂ ಆಗಿರಲಿಲ್ಲ. ಹಬ್ಬ ಮುಗಿಯಿತು, ಗಣಪತಿಯನ್ನೂ ಬಿಟ್ಟಾಯಿತು, ಅವಳು ಬರಲಿಲ್ಲ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು: ತವರಿಗೆ ಹೋದ ಹೆಣ್ಣನ್ನು ಗಂಡನ ಕಡೆಯವರು ಹೋಗಿ ಕರೆದು ತರಬೇಕು. ಅವಳ ಅಣ್ಣ ಅದನ್ನೇ ಹಿಡಿದು ಕೂತ. "ನಮ್ಮುಡ್ಗಿ ಏನ್ ದಿಕ್ಕಿಲ್ದೋಳಾ? ಬಂದು ಕರ್ಕೊಂಡೋಗ್ಲಿ" ಎಂದು ಹೇಳಿಕಳಿಸಿದ. ಊರಿನಲ್ಲಿದ್ದ ನಮ್ಮಮ್ಮ, "ಯಾರೂ ಕರೀದೆ ತಾನಾಗೇ ಹೋದೋಳಿಗೆ ತಾನಾಗೇ ಬರೋಕೆ ದಾರಿ ಗೊತ್ತಿಲ್ವಾ? ನೀನೇನಾದ್ರೂ ಹೋದ್ಯೋ, ನನ್ನ ಮಾನ ಹೋಯ್ತು ಅಂತ್ಲೇ ತಿಳ್ಕೋ" ಎಂದರು. ಎರಡೂ ಕಡೆಗೆ ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದೆ. ಒಂದು ಹಬ್ಬ ಹೋಗಿ ಇನ್ನೊಂದು ಹಬ್ಬ ಬಂತು.

ತಮಾಷೆಯೆಂದರೆ ನಮ್ಮ ಕಾರ್ಖಾನೆಯ ಬಸ್ಸು ದಿನವೂ ಹಿನಕಲ್ ಮೇಲೆಯೇ ಹೋಗುತ್ತಿತ್ತು. ಅಲ್ಲೊಂದು ಸ್ಟಾಪೂ ಇತ್ತು. ಕೆಲವರು ಹತ್ತುತ್ತಿದ್ದರು, ಕೆಲವರು ಇಳಿಯುತ್ತಿದ್ದರು. ನಾನು ಆಚೆ ಬದಿಯ ಕಿಟಕಿಗೆ ಕೂತು ಹೊಲ ನೋಡುತ್ತಿದ್ದೆ.

ಸಂಜೆ ಬಸ್ಸಿಳಿದು ಮನೆಗೆ ನಡೆಯುವುದೇ ಒಂದು ಶಿಕ್ಷೆ. ಸರಸ್ವತಿಪುರಂ ಸಂಬಳದವರ ಬಡಾವಣೆ. ಎಲ್ಲರಿಗೂ ಎಲ್ಲರ ಯೋಗಕ್ಷೇಮ ಬೇಕು. "ಮನೇವ್ರು ಕಾಣ್ತಾನೇ ಇಲ್ವಲ್ಲ?" ಎಂದು ಸೊಪ್ಪಿನವಳು ಕೇಳುತ್ತಿದ್ದಳು. "ಏನಾದ್ರೂ ವಿಶೇಷವಾ?" ಎಂದು ಮನೆಯ ಓನರಮ್ಮ ಕಣ್ಣು ಅರಳಿಸುತ್ತಿದ್ದರು. ನಾನು "ಬರ್ತಾಳೆ, ಬರ್ತಾಳೆ" ಎನ್ನುತ್ತಾ ದಾರಿ ಬದಲಿಸುತ್ತಿದ್ದೆ. ಹೀಗೆ ಬದಲಿಸಿದ ದಾರಿಗಳಲ್ಲೊಂದು ನನ್ನನ್ನು ಚನ್ನಬಸಪ್ಪನವರ ಅಂಗಡಿಯ ಮುಂದೆ ತಂದು ನಿಲ್ಲಿಸಿತು.

ಜೀಪು, ಕಾರುಗಳ ಸೀಟು ಹೊಲಿಯುವ ಅಂಗಡಿ ಅದು. ಒಂದು ಮಿಷನ್, ರೆಕ್ಸಿನ್ನಿನ ಸುರುಳಿಗಳು, ಗೋಡೆಯ ಮೇಲೆ ಬಸವಣ್ಣನವರ ಪಟ, ಪಟದ ಪಕ್ಕದಲ್ಲೇ ಇಂಗ್ಲಿಷ್ ಪತ್ರಿಕೆಯಿಂದ ಹರಿದು ಅಂಟಿಸಿದ ಒಂದು ಗಾಡಿಯ ಚಿತ್ರ. ಇಬ್ಬರಿಗೂ ಒಂದೇ ಊದುಬತ್ತಿ. ಹಣೆಯ ಮೇಲೆ ವಿಭೂತಿ, ಕಿವಿಯ ಮೇಲೆ ಸೀಸದ ಕಡ್ಡಿ ಇಟ್ಟುಕೊಂಡಿದ್ದ ಚನ್ನಬಸಪ್ಪನವರು ನಾನು ಚಿತ್ರ ನೋಡುತ್ತಾ ನಿಂತದ್ದನ್ನು ಕಂಡು, "ಇಂಗ್ಲಿಸ್ ಬತ್ತದಾ ಸಾರ್? ಅದ್ರಡೀಲಿ ಏನ್ ಬರ್ದವ್ರೆ ಸ್ವಲ್ಪ ಓದಿ ಏಳಿ" ಎಂದರು.

ಓದಿದೆ. ಈ ಗಾಡಿ ಹಿಂದೆ ಅಮೆರಿಕದಲ್ಲಿ ಮಾರಾಟವಾಗುತ್ತಿತ್ತಂತೆ, ಆಮೇಲೆ ನಿಲ್ಲಿಸಿದರಂತೆ, ಮತ್ತೆ ತರುವ ಯೋಚನೆ ಇದೆಯೆಂದು ಗಾಳಿಮಾತು ಇದೆಯಂತೆ. ಅಂತೆಗಳ ಸಂತೆ. ಚನ್ನಬಸಪ್ಪನವರು ಮಿಷನ್ ನಿಲ್ಲಿಸಿ, "ಬತ್ತಾನೆ ಕಣ್ರೀ. ಮಕ ನೋಡಿ, ನಮ್ಮ ಬಸವನ ಮಕ. ಇಂತೋನ್ನ ಬುಟ್ಬುಟ್ಟು ಅದೆಂಗ್ ಇದ್ದಾರು ಅವ್ರು?" ಎಂದರು. ನಾನು ಸುಮ್ಮನೆ ಹೋಗಬಹುದಿತ್ತು. ಆದರೆ ಬಹಳ ದಿನಗಳ ಮೇಲೆ ಒಬ್ಬರು ನನ್ನನ್ನು ನನಗೆ ಸಂಬಂಧವೇ ಇಲ್ಲದ ವಿಷಯ ಕೇಳಿದ್ದರು. "ಬರೋದು ಕಷ್ಟ, ಅಲ್ಲಿ ಹೊಗೆಯ ಕಾನೂನು ಬಿಗಿ" ಎಂದೆ, ಏನೋ ಬಲ್ಲವನ ಹಾಗೆ. ಅವರು ಒಂದು ಸ್ಟೂಲು ಎಳೆದು ಹಾಕಿದರು.

ಅಂದಿನಿಂದ ಪ್ರತಿ ಸಂಜೆ ನನಗೆ ಆ ಸ್ಟೂಲು, ಆ ಗಾಡಿಗೆ ಬಸವ ಎಂಬ ಹೆಸರು. ಯೋಗ ಕಲಿಯಲು ಮೈಸೂರಿಗೆ ಬಂದ ವಿದೇಶಿಯರು ವಾಪಸ್ ಹೋಗುವಾಗ ಬಿಟ್ಟುಹೋದ ಪತ್ರಿಕೆಗಳು ಹಳೇ ಪೇಪರ್ ಅಂಗಡಿಗೆ ಬರುತ್ತಿದ್ದವು. ಅದರಲ್ಲಿ ಗಾಡಿಗಳ ಪತ್ರಿಕೆಗಳನ್ನು ಚನ್ನಬಸಪ್ಪನವರು ಆರಿಸಿ ತರುತ್ತಿದ್ದರು. ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಒಂದೇ ತೊಡಕು, ಆ ಪತ್ರಿಕೆಗಳಿಗೆ ಮುಖಪುಟವೇ ಇರುತ್ತಿರಲಿಲ್ಲ. ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕಲು ಅಂಥ ನುಣುಪು ಹಾಳೆ ಚೆನ್ನ ಎಂದು ಪೇಪರ್ ಅಂಗಡಿಯವನು ಮೇಲಿನ ನಾಲ್ಕಾರು ಹಾಳೆ ಕಿತ್ತು ಬೇರೆ ಮಾರುತ್ತಿದ್ದ. ತಿಂಗಳು, ವರ್ಷ ಅಚ್ಚಾದದ್ದೂ ಅದರ ಜೊತೆಗೇ ಹೋಗಿ, ಯಾವುದು ಹೊಸದು, ಯಾವುದು ಹಳೆಯದು ಎಂದು ತಿಳಿಯುವಂತಿರಲಿಲ್ಲ. ಸೋಮವಾರ ಓದಿದ ಪತ್ರಿಕೆಯಲ್ಲಿ ಬಸವ ಅಮೆರಿಕಕ್ಕೆ ಹೊರಟು ನಿಂತಿರುತ್ತಿದ್ದ. ಗುರುವಾರದ್ದರಲ್ಲಿ ನೋಡಿದರೆ ಅವನ ಮಾರಾಟವನ್ನು ಈಗ ತಾನೇ ನಿಲ್ಲಿಸಿರುತ್ತಿದ್ದರು. ಇದರಿಂದ ನಮ್ಮ ವಾದಕ್ಕೆ ಏನೂ ತೊಂದರೆಯಾಗಲಿಲ್ಲ. ನಿಜ ಹೇಳಬೇಕೆಂದರೆ ಅನುಕೂಲವೇ ಆಯಿತು.

ನಾನು ಮಾತು ಕಡಿಮೆಯ ಮನುಷ್ಯ. ಆಫೀಸಿನಲ್ಲಿ ನನ್ನನ್ನು ಮೌನಿಬಾಬಾ ಎನ್ನುತ್ತಿದ್ದರು. ಆದರೆ ಆ ಸ್ಟೂಲಿನ ಮೇಲೆ ನನಗೆ ಯಾವ ದೇವರು ಮೈಮೇಲೆ ಬರುತ್ತಿತ್ತೋ! ಅಮೆರಿಕದವರ ಸ್ವಭಾವ, ಅಲ್ಲಿನ ಪೆಟ್ರೋಲು, ಮರುಭೂಮಿ, ಮಂಜು, ಎಲ್ಲದರ ಬಗ್ಗೆಯೂ ಗಂಟಲು ಕಟ್ಟುವಷ್ಟು ಮಾತಾಡುತ್ತಿದ್ದೆ. ಚನ್ನಬಸಪ್ಪನವರೂ ಬಿಡುತ್ತಿರಲಿಲ್ಲ. ಅವರ ಪ್ರಕಾರ ಅಮೆರಿಕದ ರಸ್ತೆಗಳೆಲ್ಲ ಹಿನಕಲ್ ಕೆರೆ ಏರಿಯ ಹಾಗೆಯೇ. ಇಲ್ಲದಿದ್ದರೆ ಇಂಥ ಗಾಡಿ ಅವರಿಗೇಕೆ ಬೇಕು? ಒಂದು ದಿನ ನೋಡುತ್ತೇನೆ, ಕೆಂಪು ರೆಕ್ಸಿನ್ನಿನಲ್ಲಿ ಮುಂದಿನ ಎರಡು ಸೀಟಿಗೆ ಕವರ್ ಹೊಲಿಯುತ್ತಿದ್ದಾರೆ. ಯಾವ ಗಾಡಿಗೆ ಎಂದರೆ ಬಸವನಿಗೆ. ಅಳತೆ ಎಲ್ಲಿ ಸಿಕ್ಕಿತು ಎಂದರೆ ಚಿತ್ರ ನೋಡಿ. "ಬಂದಾಗ ಬರೀ ಮೈಲಿ ನಿಲ್ಸಕಾದದಾ ಸಾರ್? ರೆಡಿ ಇರ್ಲಿ" ಎಂದರು.

ಒಮ್ಮೆ ಸೀಟು ಹೊಲಿಸಲು ಬಂದ ನಮ್ಮ ಬೀದಿಯವರೊಬ್ಬರು ನನ್ನನ್ನು ಕಂಡು, "ಏನ್ ಸ್ವಾಮಿ, ಮನೇವ್ರು ಇನ್ನೂ ಬರ್ಲಿಲ್ವಂತೆ?" ಎಂದು ಶುರು ಮಾಡಿದರು. ನಾನು ಕೈಯಲ್ಲಿದ್ದ ಪತ್ರಿಕೆಯ ಹಾಳೆ ತಿರುವಿದೆ. ಚನ್ನಬಸಪ್ಪನವರು ಹಲ್ಲಲ್ಲಿ ದಾರ ಕಡಿದು, "ಅದ್ ಬುಡಿ. ಸಾರ್, ನೀವು ಏಳಿ, ಆ ನಾಕ್ ಚಕ್ರಕ್ಕೂ ಒಟ್ಗೇ ಶಕ್ತಿ ಓಗೋದು ಎಂಗೆ?" ಎಂದರು. ಆಗಲೇ ನನಗೆ ಹೊಳೆದದ್ದು, ಅವರಿಗೆ ಎಲ್ಲ ಗೊತ್ತಿದೆ, ಗೊತ್ತಿದ್ದೂ ಒಂದು ದಿನವೂ ಕೇಳಿಲ್ಲ. ಅವತ್ತು ನನಗೆ ಅವರ ಮೇಲೆ ಉಕ್ಕಿಬಂದ ಪ್ರೀತಿಯನ್ನು ಇವತ್ತಿಗೂ ಅಳೆಯಲಾರೆ. ಅವರ ಹೆಂಡತಿ ಮಕ್ಕಳ ವಿಷಯ ನಾನೂ ಕೇಳಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದೇ ಚಾಪೆ ಸುತ್ತಿ ನಿಲ್ಲಿಸಿದ್ದು ಕಾಣುತ್ತಿತ್ತು.

ಹೀಗೆ ವರ್ಷಗಳು ಕಳೆದವು. ಅಮ್ಮ ತೀರಿಕೊಂಡರು. ಟ್ಯುಟೋರಿಯಲ್‌ಗಳ ಸಾಲಿನಲ್ಲಿ ಒಂದು ಬ್ರೌಸಿಂಗ್ ಸೆಂಟರ್ ಬಂತು. ಒಂದು ಭಾನುವಾರ ಒಳಗೆ ಹೋಗಿ, ಅಲ್ಲಿದ್ದವನ ಕೈಕಾಲು ಹಿಡಿದು ಕಂಪ್ಯೂಟರಿನಲ್ಲಿ ಬಸವನ ಇಂಗ್ಲಿಷ್ ಹೆಸರು ಹೊಡೆಸಿದೆ. ಪುಟ ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು. ತೆರೆದಾಗ ನೋಡಿದರೆ, ನಾವು ಬರುತ್ತಾನೋ ಇಲ್ಲವೋ ಎಂದು ಕಚ್ಚಾಡುತ್ತಿದ್ದ ಕಾಲದಲ್ಲೇ ಅವನು ಅಮೆರಿಕಕ್ಕೆ ಬಂದಿದ್ದ. ಕೆಲವು ವರ್ಷ ಓಡಾಡಿದ್ದ. ಮತ್ತೆ ಹೊರಟೂ ಹೋಗಿದ್ದ.

ಸಂಜೆ ಅಂಗಡಿಗೆ ಹೋಗಿ ಹೇಳಿದೆ. ಹೇಳದಿರಲು ನನ್ನಿಂದ ಆಗಲಿಲ್ಲ. ಚನ್ನಬಸಪ್ಪನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಬಂದಿದ್ನಾ?"

"ಬಂದಿದ್ದ. ನಮಗೆ ಗೊತ್ತಾಗ್ಲಿಲ್ಲ."

"ನಾವು ಇಲ್ಲೇ ಕುಂತಿದ್ವಲ್ಲ" ಎಂದರು. ಇನ್ನು ವಾದಿಸಲು ಏನೂ ಉಳಿದಿರಲಿಲ್ಲ. ನಾನು ಏಳಬೇಕೆನ್ನುವಾಗ ಅವರು ನನ್ನ ಮುಖ ನೋಡದೆ, ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು, ಅಷ್ಟು ವರ್ಷ ಕೇಳದ್ದನ್ನು ಕೇಳಿದರು. "ಸಾರ್, ತಪ್ ತಿಳ್ಕಬ್ಯಾಡಿ. ನಿಮ್ಮನೇವ್ರು ಇರೋದು ಇನಕಲ್ಲಲ್ವಾ? ಅಮೆರಿಕಾನಾ ಅದು? ಒಂದ್ ದಪ ಓಗಿ ಕೇಳ್ಬಾರ್ದಾ?"

ಮಾರನೆಯ ದಿನ ನಾನು ಹಿನಕಲ್ ಸ್ಟಾಪಿನಲ್ಲಿ ಇಳಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಹುಲ್ಲಿನ ಮೆದೆಗಳು ಹೋಗಿ ಸೈಟುಗಳಾಗಿದ್ದವು. ಸರೋಜ ಜಗಲಿಯ ಮೇಲೆ ಕೂತು ನೆರೆಮನೆಯ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದಳು. ಕಿವಿಯ ಹತ್ತಿರ ನರೆ ಬಂದಿತ್ತು. ನನ್ನನ್ನು ಕಂಡು ಮಕ್ಕಳನ್ನು ಕಳಿಸಿ, "ಬನ್ನಿ" ಎಂದಳು. ಕಾಫಿ ತಂದಳು. "ಕರ್ಕೊಂಡು ಹೋಗೋಕೆ ಬಂದೆ" ಎಂದೆ. ಅದನ್ನು ಹೇಳಲು ನನಗೆ ಕಾಫಿ ಆರುವಷ್ಟು ಹೊತ್ತು ಬೇಕಾಯಿತು.

"ಬಸ್ ನಿಂತಾಗೆಲ್ಲ ನೋಡ್ತಿದ್ದೆ ಕಣ್ರೀ" ಎಂದಳು. "ಆಮೇಲೆ ಯಾವಾಗ್ಲೋ ನೋಡೋದ್ ಬುಟ್ಬುಟ್ಟೆ. ಈಗ ಇಲ್ಲೇ ಅಭ್ಯಾಸ ಆಗೋಗದೆ." ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಆರಿದ ಕಾಫಿ ಕುಡಿಯತೊಡಗಿದೆ. ಅವಳೇ ಕನಿಕರದಿಂದ, "ಸಂಜೆ ಹೊತ್ತು ಏನ್ ಮಾಡ್ತಿದ್ರಿ ಇಷ್ಟು ದಿನ?" ಎಂದಳು. ಬಸವನ ಕಥೆ ಹೇಳಿದೆ. ಮುಖಪುಟವಿಲ್ಲದ ಪತ್ರಿಕೆಗಳು, ಅಮೆರಿಕದ ಕೆರೆ ಏರಿ, ಚಿತ್ರ ನೋಡಿ ಹೊಲಿದ ಸೀಟು ಕವರ್, ಎಲ್ಲ. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಅವಳು ಹಾಗೆ ನಗುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಹೇಳಿದಳು:

"ಇಷ್ಟೊಂದು ಮಾತಾಡ್ತೀರಾ ನೀವು? ಆ ಮನೇಲಿ ಒಂದ್ ದಿನ ಇಂಗೆ ಮಾತಾಡಿದ್ರೆ ನಾನ್ಯಾಕ್ರೀ ಬರ್ತಿದ್ದೆ ಇಲ್ಲಿಗೆ?"

ವಾಪಸ್ ಬರುವಾಗ ನಡೆದೇ ಬಂದೆ. ಅಂಗಡಿಯಲ್ಲಿ ಚನ್ನಬಸಪ್ಪನವರು ನನ್ನ ಮುಖ ನೋಡಿದರು. ಒಳಗೆ ಹೋಗಿ ಆ ಎರಡು ಕೆಂಪು ಕವರ್‌ಗಳನ್ನು ತಂದು, "ನಿಮ್ಮನೆ ಕುರ್ಚಿಗೆ ಆಯ್ತವೆ, ಇಟ್ಕಳಿ" ಎಂದು ಕೈಗಿಟ್ಟರು. ಅವರು ತೀರಿಹೋದದ್ದು ಅದಾದ ಕೆಲವು ವರ್ಷಗಳಿಗೆ. ನಂಜನಗೂಡಿನಿಂದ ಅವರ ತಂಗಿಯ ಮನೆಯವರು ಬಂದು ಮಿಷನ್ ತೆಗೆದುಕೊಂಡು ಹೋದರು. ಈಗ ಅಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಸರೋಜಳ ಅಣ್ಣ ಜಮೀನು ಮಾರಿ ಬೇರೆ ಊರಿಗೆ ಹೋದ, ಅವಳೂ ಹೋದಳು ಎಂದು ಕೇಳಿದೆ. ಯಾವ ಊರೆಂದು ಕೇಳಲಿಲ್ಲ.

ಮೊನ್ನೆ ದೋಸೆ ತಿಂದು ಮನೆಗೆ ಬಂದೆ. ನಡುಮನೆಯಲ್ಲಿ ಎದುರುಬದುರು ಎರಡು ಕುರ್ಚಿ, ಎರಡಕ್ಕೂ ಆ ಕೆಂಪು ಕವರ್. ನಾನು ಕೂರುವುದು ಹರಿದು ಸ್ಪಾಂಜು ಹೊರಗೆ ಬಂದಿದೆ. ಇನ್ನೊಂದು ಕೊಟ್ಟ ದಿನ ಹೇಗಿತ್ತೋ ಹಾಗೇ ಇದೆ, ಹತ್ತಿರ ಹೋದರೆ ಈಗಲೂ ಒಂದಿಷ್ಟು ವಾಸನೆ ಬರುತ್ತದೆ. ಎಷ್ಟೋ ವರ್ಷಗಳಿಂದ ನಾನು ಬಂದು ಚಪ್ಪಲಿ ಬಿಟ್ಟು, ಬಾಯಿ ತೆರೆಯದೆ ನನ್ನ ಕುರ್ಚಿಯಲ್ಲಿ ಕೂರುವುದು ಅಭ್ಯಾಸ. ಅವತ್ತು ಕೂರಲಿಲ್ಲ. ಯಾರೂ ಕೂರದ ಆ ಕುರ್ಚಿಯ ಎದುರಿಗೆ ನಿಂತು, ಗಟ್ಟಿಯಾಗಿ, ಪಕ್ಕದ ಮನೆಯವರಿಗೂ ಕೇಳಿಸುವ ಹಾಗೆ ಹೇಳಿದೆ:

"ಸರೋಜ, ಬಸವ ಮತ್ತೆ ಬರ್ತಾನಂತೆ ಕಣೇ."